ಕೋಳಿ ಗೂಡಿಗೆ ನುಗ್ಗುವ ಹೆಬ್ಬಾವು: ಅದು ಬೇಟೆಯಾಡುವುದು ಹೇಗೆ, ನುಂಗುವುದು ಹೇಗೆ? ನಾವು ಏನು ಮಾಡಬೇಕು?

ಮಳೆಗಾಲ ಶುರುವಾಯ್ತು ಅಂದರೆ ನಮ್ಮ ಊರಿನ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಒಂದು ವೀಡಿಯೊ ಬಂದೇ ಬರುತ್ತದೆ. ಅದು ಮಂಜೇಶ್ವರದ್ದಾಗಿರಬಹುದು, ಉಪ್ಪಳ, ಕುಂಬಳೆ, ಬದಿಯಡ್ಕದ್ದಾಗಿರಬಹುದು, ಗಡಿಯಾಚೆ ವಿಟ್ಲ, ಬಂಟ್ವಾಳದ್ದೂ ಆಗಿರಬಹುದು. ದೃಶ್ಯ ಮಾತ್ರ ಒಂದೇ. ಕೋಳಿ ಗೂಡಿನೊಳಗೆ ದೊಡ್ಡದೊಂದು ಹೆಬ್ಬಾವು ಹೊಟ್ಟೆ ಉಬ್ಬಿಸಿಕೊಂಡು ಬಿದ್ದಿರುತ್ತದೆ. ಸುತ್ತ ನಲವತ್ತು ಐವತ್ತು ಮಂದಿ, ಎಲ್ಲರ ಕೈಯಲ್ಲೂ ಮೊಬೈಲ್. ಒಬ್ಬ ಕೋಲಿನಲ್ಲಿ ತಿವಿಯುತ್ತಾನೆ, ಇನ್ನೊಬ್ಬ ಬಾಲ ಹಿಡಿದು ಎಳೆಯುತ್ತಾನೆ. ಕೊನೆಗೆ ಹಾವು ನುಂಗಿದ ಕೋಳಿಯನ್ನು ಕಕ್ಕುತ್ತದೆ. ಗುಂಪಿನಲ್ಲಿ ನಗು, ಕೇಕೆ.

ಕೋಳಿ ಕಳೆದುಕೊಂಡ ಮನೆಯವರ ಸಂಕಟ ಸಣ್ಣದಲ್ಲ. ಉಮ್ಮ ಕಷ್ಟಪಟ್ಟು ಸಾಕಿದ ನಾಲ್ಕು ಹೇಂಟೆ, ಕುರ್ಬಾನಿಗೆಂದು ಬೆಳೆಸಿದ ಆಡಿನ ಮರಿ ಹೋದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಆ ಸಿಟ್ಟಿನಲ್ಲಿ ಹಾವನ್ನು ಬಡಿದವರು ಜೈಲು ಸೇರಬೇಕಾದೀತು. ಹೆಬ್ಬಾವಿನ ಮರಿ ಎಂದುಕೊಂಡು ವಿಷದ ಹಾವನ್ನು ಕೈಯಲ್ಲಿ ಹಿಡಿದರೆ ಪ್ರಾಣವೇ ಹೋದೀತು. ಹಾಗಾಗಿ ಈ ಹಾವು ಬೇಟೆಯಾಡುವುದು ಹೇಗೆ, ತಿಂದ ಮೇಲೆ ಅದಕ್ಕೆ ಏನಾಗುತ್ತದೆ ಎಂಬುದನ್ನು ನಮ್ಮ ಯುವಕರು ತಿಳಿದುಕೊಂಡಿರುವುದು ಒಳ್ಳೆಯದು.

ನಮ್ಮಲ್ಲಿರುವುದು ಯಾವ ಹೆಬ್ಬಾವು?

ಕಾಸರಗೋಡು, ದಕ್ಷಿಣ ಕನ್ನಡ ಕಡೆ ಕಾಣಸಿಗುವುದು ಭಾರತೀಯ ಹೆಬ್ಬಾವು. ವಿಜ್ಞಾನದಲ್ಲಿ ಇದರ ಹೆಸರು ಪೈಥಾನ್ ಮೊಲುರಸ್. ತುಳುವಿನಲ್ಲಿ ಪೆರ್ಮರಿ, ಮಲಯಾಳದಲ್ಲಿ ಪೆರುಂಬಾಂಬು ಅಥವಾ ಮಲಂಬಾಂಬು. ಸಾಮಾನ್ಯವಾಗಿ ಬೆಳೆದ ಹಾವು ಸುಮಾರು 3 ಮೀಟರ್ ಅಂದರೆ ಹತ್ತು ಅಡಿಯಷ್ಟು ಉದ್ದವಿರುತ್ತದೆ. ಅದಕ್ಕಿಂತ ತುಂಬಾ ಉದ್ದದ್ದು ಸಿಗುವುದು ಅಪರೂಪ. ವೀಡಿಯೊದಲ್ಲಿ "ಇಪ್ಪತ್ತೈದು ಅಡಿ" ಎಂದು ಬರೆದಿದ್ದರೆ ಅದನ್ನು ನಂಬಬೇಕಾಗಿಲ್ಲ.

ಇದಕ್ಕೆ ವಿಷ ಇಲ್ಲ. ಇದರ ಆಹಾರ ಇಲಿ, ಹೆಗ್ಗಣ, ಮೊಲ, ಕಾಡುಬೆಕ್ಕು, ಮುಳ್ಳುಹಂದಿ, ನವಿಲು, ಇತರ ಹಕ್ಕಿಗಳು. ಕಾಡಿನಲ್ಲಾದರೆ ಜಿಂಕೆಯ ಮರಿಯನ್ನೂ ಹಿಡಿಯುತ್ತದೆ. ಊರಿನ ಬಳಿ ಬಂದಾಗ ಕೋಳಿ, ಬಾತುಕೋಳಿ, ಬೆಕ್ಕು, ನಾಯಿಮರಿ, ಆಡಿನ ಮರಿ. ಅದಕ್ಕೆ ಕಾಡಿನ ಪ್ರಾಣಿ, ಸಾಕು ಪ್ರಾಣಿ ಎಂಬ ವ್ಯತ್ಯಾಸ ಗೊತ್ತಿಲ್ಲ. ಬಿಸಿ ಮೈಯ, ನುಂಗಲು ಆಗುವಷ್ಟು ಗಾತ್ರದ ಜೀವಿ ಹತ್ತಿರ ಬಂದರೆ ಅದು ಆಹಾರ, ಅಷ್ಟೆ.

ಓಡಿಸಿ ಹಿಡಿಯುವುದಿಲ್ಲ, ಕಾದು ಹಿಡಿಯುತ್ತದೆ

ಹೆಬ್ಬಾವು ಬೇಟೆಯ ಹಿಂದೆ ಓಡುವ ಪ್ರಾಣಿಯೇ ಅಲ್ಲ. ದೊಡ್ಡ ಹೆಬ್ಬಾವು ನೆಟ್ಟಗೆ ಹರಿಯುವಾಗ ನೋಡಿದ್ದೀರಾ? ಹೊಟ್ಟೆಯ ಅಡಿಯ ಚರ್ಮವನ್ನು ಸ್ನಾಯುಗಳಿಂದ ಹಿಂದೆ ಮುಂದೆ ಎಳೆದುಕೊಂಡು ನಿಧಾನವಾಗಿ ಸಾಗುತ್ತದೆ. ಒಬ್ಬ ಮನುಷ್ಯ ಆರಾಮವಾಗಿ ನಡೆದರೂ ಅದಕ್ಕಿಂತ ಬೇಗ ಹೋಗಬಹುದು. "ಹೆಬ್ಬಾವು ಅಟ್ಟಿಸಿಕೊಂಡು ಬಂತು" ಅಂತ ಯಾರಾದರೂ ಹೇಳಿದರೆ ಸ್ವಲ್ಪ ಯೋಚಿಸಿ ಮಾರಾಯ್ರೆ.

ಅದರ ಉಪಾಯ ಕಾಯುವುದು. ಇಲಿ, ಮುಳ್ಳುಹಂದಿ ನಿತ್ಯ ಓಡಾಡುವ ದಾರಿಯ ಪಕ್ಕ, ತೋಡಿನ ಬದಿ, ತರಗೆಲೆ ರಾಶಿ, ಹಳೆ ಕೆಂಪುಕಲ್ಲಿನ ಕೋರೆ, ಪೊದೆ ಇಂತಹ ಕಡೆ ಸುರುಳಿ ಸುತ್ತಿ ಮಲಗುತ್ತದೆ. ಮೈಮೇಲಿನ ಕಂದು ಹಳದಿ ಮಚ್ಚೆಗಳು ಒಣಗಿದ ಎಲೆಯೊಂದಿಗೆ ಎಷ್ಟು ಬೆರೆತು ಹೋಗುತ್ತವೆ ಅಂದರೆ ಎರಡು ಅಡಿ ದೂರದಲ್ಲಿ ನಡೆದು ಹೋದರೂ ಕಾಣುವುದಿಲ್ಲ. ಹೀಗೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಅಲುಗದೆ ಇರುತ್ತದೆ. ಶರೀರ ತಣ್ಣಗಿರುವ ಜೀವಿಯಾದ್ದರಿಂದ ಖರ್ಚಾಗುವ ಶಕ್ತಿ ಬಹಳ ಕಡಿಮೆ. ಒಂದು ದೊಡ್ಡ ಊಟ ಸಿಕ್ಕಿದರೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು.

ಹಿರಿಯರು ಹೇಳುವ ಒಂದು ಮಾತುಂಟು: ಹೆಬ್ಬಾವು ದೂರದಿಂದಲೇ ಉಸಿರು ಎಳೆದು ಪ್ರಾಣಿಯನ್ನು ಬಾಯಿಗೆ ತಂದುಕೊಳ್ಳುತ್ತದೆ ಅಂತ. ಇದು ನಿಜ ಅಲ್ಲ. ಕಾದು ಕುಳಿತ ಹಾವು ಕಣ್ಣು ಮಿಟುಕಿಸುವಷ್ಟರಲ್ಲಿ ತಲೆ ಮುಂದಕ್ಕೆ ಚಾಚಿ ಕಚ್ಚಿ ಹಿಡಿದುಬಿಡುತ್ತದೆ. ನೋಡುವವರಿಗೆ ಪ್ರಾಣಿಯೇ ಬಾಯಿಗೆ ಹಾರಿದ ಹಾಗೆ ಕಂಡಿರಬೇಕು.

ತುಟಿಯಲ್ಲಿ ಶಾಖ ತಿಳಿಯುವ ಗುಳಿಗಳು

ರಾತ್ರಿಯ ಕತ್ತಲಲ್ಲಿ ಇದಕ್ಕೆ ಬೇಟೆ ಕಾಣುವುದಾದರೂ ಹೇಗೆ? ಮೂರು ದಾರಿಗಳಿವೆ.

ಮೊದಲನೆಯದು ನಾಲಿಗೆ. ಹೊರಚಾಚಿದ ಸೀಳು ನಾಲಿಗೆ ಗಾಳಿಯಲ್ಲಿರುವ ವಾಸನೆಯ ಕಣಗಳನ್ನು ಹೊತ್ತು ತರುತ್ತದೆ. ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್ಸನ್ ಅಂಗ ಅದನ್ನು ಗುರುತಿಸುತ್ತದೆ. ಎರಡನೆಯದು ನೆಲದ ಕಂಪನ. ಹಾವಿಗೆ ಹೊರಗಿವಿ ಇಲ್ಲ, ಆದರೆ ನೆಲಕ್ಕೆ ತಾಗಿದ ಕೆಳದವಡೆಯ ಮೂಲಕ ಹೆಜ್ಜೆಯ ಅದುರು ಒಳಗಿವಿಗೆ ತಲುಪುತ್ತದೆ.

ಮೂರನೆಯದೇ ವಿಶೇಷ. ಹೆಬ್ಬಾವಿನ ತುಟಿಯ ಅಂಚಿನಲ್ಲಿ ಸಣ್ಣ ಗುಳಿಗಳಿವೆ. ಬಿಸಿ ರಕ್ತದ ಪ್ರಾಣಿಯ ಮೈಯಿಂದ ಹೊರಡುವ ಇನ್‌ಫ್ರಾರೆಡ್ ಕಿರಣ, ಅಂದರೆ ಶಾಖ, ಈ ಗುಳಿಗಳಿಗೆ ಗೊತ್ತಾಗುತ್ತದೆ. 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದು ಈ ಗುಳಿಗಳ ನರಗಳಲ್ಲಿ ಶಾಖವನ್ನು ಗುರುತಿಸುವ ಪ್ರೋಟೀನ್ ಯಾವುದೆಂದು ತೋರಿಸಿಕೊಟ್ಟಿತು. ಅದರ ಹೆಸರು ಟಿಆರ್‌ಪಿಎ1. ಮನುಷ್ಯರಲ್ಲಿ ಸಾಸಿವೆಯಂಥ ಖಾರದ ಉರಿಯನ್ನು ತಿಳಿಸುವ ಪ್ರೋಟೀನ್ ಕೂಡ ಇದೇ. ರಾತ್ರಿ ಕೋಳಿಗಳು ಗೂಡಿನ ಮೂಲೆಯಲ್ಲಿ ಒತ್ತಾಗಿ ಕೂತಿರುವಾಗ ನಮಗೆ ಬರೀ ಕತ್ತಲು. ಹೆಬ್ಬಾವಿಗೆ ಅದು ತಂಪಾದ ಗೋಡೆಯ ಎದುರು ಬಿಸಿಯ ರಾಶಿ.

ಉಸಿರುಗಟ್ಟಿಸುವುದಲ್ಲ, ರಕ್ತ ನಿಲ್ಲಿಸುವುದು

ಹೆಬ್ಬಾವಿನ ಹಲ್ಲುಗಳು ಹಿಂದಕ್ಕೆ ಬಾಗಿವೆ. ಅವು ಅಗಿಯಲಿಕ್ಕಲ್ಲ, ಹಿಡಿದು ನಿಲ್ಲಿಸಲಿಕ್ಕೆ. ಕಚ್ಚಿಸಿಕೊಂಡ ಪ್ರಾಣಿ ಕೊಸರಿಕೊಂಡಷ್ಟೂ ಹಲ್ಲು ಒಳಗೆ ಇಳಿಯುತ್ತದೆ. ಕಚ್ಚಿದ ಕೂಡಲೇ ಮೈಯನ್ನು ಎರಡು ಮೂರು ಸುತ್ತು ಸುತ್ತಿ ಬಿಗಿಯುತ್ತದೆ.

ಬಹಳ ಕಾಲ ಪುಸ್ತಕಗಳಲ್ಲೂ ಇದ್ದದ್ದು, ಉಸಿರುಗಟ್ಟಿ ಪ್ರಾಣಿ ಸಾಯುತ್ತದೆ ಎಂದು. ಎಲುಬು ಪುಡಿಯಾಗುತ್ತದೆ ಎಂದೂ ನಮ್ಮಲ್ಲಿ ಹೇಳುವುದುಂಟು. 2015ರಲ್ಲಿ ಅಮೆರಿಕದ ಡಿಕಿನ್ಸನ್ ಕಾಲೇಜಿನ ಸ್ಕಾಟ್ ಬೊಬ್ಯಾಕ್ ಮತ್ತು ಜೊತೆಗಾರರು ಹೆಬ್ಬಾವಿನಂತೆಯೇ ಬೇಟೆಯಾಡುವ ಬೋವಾ ಹಾವಿನ ಹಿಡಿತವನ್ನು ಅಳತೆ ಮಾಡಿ ನೋಡಿದರು. ಮತ್ತು ಬರಿಸಿದ ಇಲಿಯ ರಕ್ತನಾಳಕ್ಕೆ ಉಪಕರಣ ಜೋಡಿಸಿದ್ದರು. ಸುತ್ತಿದ ಸುಮಾರು 6 ಸೆಕೆಂಡಿನೊಳಗೆ ಇಲಿಯ ರಕ್ತದೊತ್ತಡ ಅರ್ಧಕ್ಕೆ ಇಳಿಯಿತು. ಹೃದಯಕ್ಕೆ ರಕ್ತ ಹಿಂದಿರುಗದೆ, ಮೆದುಳಿಗೆ ರಕ್ತ ಹೋಗದೆ ಪ್ರಾಣಿ ಬೇಗನೆ ಪ್ರಜ್ಞೆ ಕಳೆದುಕೊಳ್ಳುತ್ತದೆ. ಉಸಿರುಗಟ್ಟಿ ಸಾಯಲು ನಿಮಿಷಗಳು ಬೇಕು, ರಕ್ತ ಸಂಚಾರ ನಿಂತರೆ ಅಷ್ಟು ಹೊತ್ತು ಬೇಡ.

ಇದೇ ತಂಡ 2012ರಲ್ಲಿ ಇನ್ನೊಂದು ವಿಷಯ ಕಂಡುಕೊಂಡಿತ್ತು. ಬೋವಾ ಹಾವು ತಾನು ಸುತ್ತಿದ ಪ್ರಾಣಿಯ ಎದೆ ಬಡಿತವನ್ನು ಮೈಯಿಂದಲೇ ಗಮನಿಸುತ್ತಿರುತ್ತದೆ. ಬಡಿತ ಇರುವಷ್ಟು ಹೊತ್ತು ಹೆಚ್ಚು ಬಿಗಿಯುತ್ತದೆ, ನಿಂತ ಮೇಲೆ ಸಡಿಲಿಸುತ್ತದೆ. ಬಿಗಿಯುವುದಕ್ಕೂ ಶಕ್ತಿ ಬೇಕು, ಅದನ್ನು ಸುಮ್ಮನೆ ಖರ್ಚು ಮಾಡುವುದಿಲ್ಲ.

ದವಡೆ ಕಳಚುವುದಿಲ್ಲ

ಬೇಟೆ ಸತ್ತ ಮೇಲೆ ಹೆಬ್ಬಾವು ಅದರ ಮೈಯುದ್ದಕ್ಕೂ ನಾಲಿಗೆ ಆಡಿಸಿ ತಲೆ ಎಲ್ಲಿದೆ ಎಂದು ಹುಡುಕುತ್ತದೆ. ನುಂಗುವುದು ಹೆಚ್ಚಾಗಿ ತಲೆಯ ಕಡೆಯಿಂದಲೇ. ಹಾಗೆ ಮಾಡಿದರೆ ಕಾಲು, ರೆಕ್ಕೆ, ಕೂದಲು ಎಲ್ಲ ಹಿಂದಕ್ಕೆ ಮಡಚಿಕೊಂಡು ಸಲೀಸಾಗಿ ಒಳಗೆ ಹೋಗುತ್ತವೆ.

"ಹೆಬ್ಬಾವು ದವಡೆಯನ್ನು ಕಳಚಿಕೊಂಡು ನುಂಗುತ್ತದೆ" ಎಂದು ಟಿವಿಯಲ್ಲೂ ಹೇಳುತ್ತಾರೆ. ಆದರೆ ಏನೂ ಕಳಚುವುದಿಲ್ಲ. ನಮ್ಮ ಕೆಳದವಡೆ ಗಲ್ಲದ ಹತ್ತಿರ ಒಂದೇ ಎಲುಬಾಗಿ ಕೂಡಿಕೊಂಡಿದೆ. ಹಾವಿನದ್ದು ಎಡ ಬಲ ಬೇರೆ ಬೇರೆ, ನಡುವೆ ಎಳೆದರೆ ಹಿಗ್ಗುವ ನಾರು. ದವಡೆಯನ್ನು ತಲೆಬುರುಡೆಗೆ ಜೋಡಿಸುವ ಎಲುಬೂ ಬಾಗಿಲಿನ ತಿರುಗಣಿಯ ಹಾಗೆ ಆಡುತ್ತದೆ. ಅದರ ಜೊತೆಗೆ ಬಾಯಿಯ ಚರ್ಮ ಬಹಳ ಹಿಗ್ಗುತ್ತದೆ. ಬರ್ಮಾ ಹೆಬ್ಬಾವಿನ ಮೇಲೆ ಸಿನ್ಸಿನಾಟಿ ವಿಶ್ವವಿದ್ಯಾನಿಲಯದ ಬ್ರೂಸ್ ಜೇನ್ ಅವರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಾಯಿ ಅಷ್ಟು ದೊಡ್ಡದಾಗಿ ತೆರೆಯಲು ಈ ಮೃದು ಚರ್ಮವೇ ದೊಡ್ಡ ಕಾರಣ.

ನುಂಗುವಾಗ ಮೇಲಿನ ಬಲಗಡೆ ಹಲ್ಲಿನ ಸಾಲು ಮುಂದಕ್ಕೆ, ಆಮೇಲೆ ಎಡಗಡೆಯದ್ದು ಮುಂದಕ್ಕೆ. ಹೀಗೆ ಒಂದೊಂದೇ ಬದಿ ಹೆಜ್ಜೆ ಇಟ್ಟ ಹಾಗೆ ಹಾವು ತನ್ನ ತಲೆಯನ್ನೇ ಬೇಟೆಯ ಮೇಲೆ ನಡೆಸಿಕೊಂಡು ಹೋಗುತ್ತದೆ. ಬಾಯಿ ತುಂಬಿರುವಾಗ ಉಸಿರಾಟ ಹೇಗೆ? ಶ್ವಾಸನಾಳದ ತುದಿ ನಾಲಿಗೆಯ ಹತ್ತಿರ ಮುಂದಕ್ಕೆ ಚಾಚಿಕೊಳ್ಳುತ್ತದೆ. ಬೇಟೆಯ ಅಡಿಯಿಂದ ಕೊಳವೆಯೊಂದನ್ನು ಹೊರಗಿಟ್ಟು ಉಸಿರಾಡಿದ ಹಾಗೆ.

ಹೊಟ್ಟೆಯೊಳಗಿನ ಕೆಲಸ

ಇನ್ನು ಮುಂದಿನದ್ದು ವಿಜ್ಞಾನಿಗಳಿಗೇ ಆಶ್ಚರ್ಯ ತಂದ ಸಂಗತಿ. ಉಪವಾಸದಲ್ಲಿರುವಾಗ ಹೆಬ್ಬಾವಿನ ಜೀರ್ಣಾಂಗಗಳು ಕುಗ್ಗಿ ಮಲಗಿರುತ್ತವೆ. ಹೊಟ್ಟೆಯಲ್ಲಿ ಆಮ್ಲವೇ ಇರುವುದಿಲ್ಲ. ಬೇಟೆ ಒಳಗೆ ಹೋದ ಒಂದೆರಡು ದಿನಗಳಲ್ಲಿ ಎಲ್ಲ ಬದಲಾಗುತ್ತದೆ. ನಮ್ಮ ಹಾವಿನ ಹತ್ತಿರದ ನೆಂಟ ಬರ್ಮಾ ಹೆಬ್ಬಾವಿನ ಮೇಲೆ ನಡೆದ ಅಧ್ಯಯನಗಳಲ್ಲಿ ಕಂಡದ್ದು ಹೀಗೆ: ಹೊಟ್ಟೆಯಲ್ಲಿ ಕಡು ಆಮ್ಲ ತುಂಬುತ್ತದೆ, ಸಣ್ಣ ಕರುಳಿನ ತೂಕ ಸುಮಾರು ಎರಡು ಪಟ್ಟಾಗುತ್ತದೆ, ಪಿತ್ತಜನಕಾಂಗ ಮತ್ತು ಮೂತ್ರಪಿಂಡ ಬೆಳೆಯುತ್ತವೆ. ಶರೀರ ಶಕ್ತಿ ಬಳಸುವ ವೇಗ ದೊಡ್ಡ ಊಟದ ನಂತರ 40 ಪಟ್ಟಿನವರೆಗೂ ಏರುತ್ತದೆ. ಹೃದಯ ಕೂಡ 48 ಗಂಟೆಯಲ್ಲಿ ಸುಮಾರು ಶೇ. 40ರಷ್ಟು ದೊಡ್ಡದಾಗುತ್ತದೆ ಎಂದು 2005ರ ಒಂದು ಅಧ್ಯಯನ ತಿಳಿಸಿತು. ಜೀರ್ಣ ಮುಗಿದ ಮೇಲೆ ಇವೆಲ್ಲ ಮತ್ತೆ ಹಿಂದಿನ ಗಾತ್ರಕ್ಕೆ ಬರುತ್ತವೆ. ಮನುಷ್ಯನ ಹೃದ್ರೋಗಕ್ಕೆ ಇದರಿಂದ ಏನಾದರೂ ದಾರಿ ಸಿಗಬಹುದೇ ಎಂದು ಕೊಲೊರಾಡೊ ವಿಶ್ವವಿದ್ಯಾನಿಲಯದ ಲೆಸ್ಲಿ ಲೈನ್‌ವಾಂಡ್ ಅವರ ತಂಡ ವರ್ಷಗಳಿಂದ ಅಧ್ಯಯನ ನಡೆಸುತ್ತಿದೆ.

ದೊಡ್ಡ ಬೇಟೆ ಕರಗಲು ಒಂದರಿಂದ ಎರಡು ವಾರ ಬೇಕಾಗುತ್ತದೆ. ಮಾಂಸ ಮಾತ್ರವಲ್ಲ, ಎಲುಬೂ ಕರಗುತ್ತದೆ. ಉಳಿಯುವುದು ಕೂದಲು, ಗರಿ, ಉಗುರು ಇಷ್ಟೇ. "ನುಂಗಿದ ಮೇಲೆ ಮರಕ್ಕೆ ಸುತ್ತಿಕೊಂಡು ಎಲುಬು ಮುರಿಯುತ್ತದೆ" ಎಂಬ ಮಾತೂ ನಮ್ಮಲ್ಲಿ ಉಂಟಲ್ಲ? ಅದರ ಅಗತ್ಯವೇ ಅದಕ್ಕಿಲ್ಲ. ಆ ಕೆಲಸವನ್ನು ಹೊಟ್ಟೆಯ ಆಮ್ಲವೇ ಮಾಡುತ್ತದೆ.

ಕಕ್ಕಿಸುವುದು ತಮಾಷೆಯಲ್ಲ

ಈಗ ಮೊದಲಿನ ವೀಡಿಯೊಗೆ ಬರೋಣ. ಹೊಟ್ಟೆ ತುಂಬಿದ ಹೆಬ್ಬಾವಿಗೆ ಓಡಲಿಕ್ಕೂ ಆಗುವುದಿಲ್ಲ, ಹೋರಾಡಲಿಕ್ಕೂ ಆಗುವುದಿಲ್ಲ. ಎಷ್ಟೋ ಸಲ ಗೂಡಿನ ಸಂದಿಯಿಂದ ಒಳಗೆ ಬಂದ ಹಾವು ಕೋಳಿ ನುಂಗಿದ ಮೇಲೆ ಅದೇ ಸಂದಿಯಲ್ಲಿ ಹೊರಗೆ ಹೋಗಲಾಗದೆ ಸಿಕ್ಕಿಬೀಳುವುದು ಇದಕ್ಕೇ. ಜನ ಸೇರಿ ತಿವಿದಾಗ ಅದಕ್ಕೆ ಉಳಿಯುವ ಒಂದೇ ದಾರಿ ತಿಂದದ್ದನ್ನು ಕಕ್ಕಿ ಹಗುರವಾಗಿ ತಪ್ಪಿಸಿಕೊಳ್ಳುವುದು.

ಆದರೆ ಆ ಊಟಕ್ಕಾಗಿ ಅದು ವಾರಗಟ್ಟಲೆ ಕಾದಿರುತ್ತದೆ, ಅಂಗಾಂಗಗಳನ್ನೇ ಬೆಳೆಸಲು ಶಕ್ತಿ ಸುರಿದಿರುತ್ತದೆ. ಎಲ್ಲವೂ ವ್ಯರ್ಥ. ಆಮ್ಲದಿಂದ ಗಂಟಲಿಗೆ, ಮುರಿದ ಎಲುಬಿನ ಚೂಪಿನಿಂದ ಅನ್ನನಾಳಕ್ಕೆ ಗಾಯವಾಗಬಹುದು. ಇತ್ತ ಕೋಳಿಯೂ ಸತ್ತದ್ದೇ, ಯಾರ ಉಪಯೋಗಕ್ಕೂ ಇಲ್ಲ. ಕಕ್ಕಿಸಿದ್ದರಿಂದ ಮನೆಯವರಿಗೆ ನಯಾಪೈಸೆ ಲಾಭ ಇಲ್ಲ, ನಮಗೆ ಸಿಕ್ಕಿದ್ದು ಅರ್ಧ ನಿಮಿಷದ ವೀಡಿಯೊ ಮಾತ್ರ. ಹಸಿದ ಜೀವಿಯ ಬಾಯಿಂದ ಅನ್ನ ಕಿತ್ತು ನಗುವುದು ಅಲ್ಲಾಹನ ಸೃಷ್ಟಿಗಳ ಮೇಲೆ ಕರುಣೆ ತೋರಬೇಕೆಂದು ಮದ್ರಸದಲ್ಲಿ ಕಲಿತವರಿಗೆ ಒಪ್ಪುವ ಕೆಲಸವಾ? ನಾವೇ ಯೋಚಿಸಬೇಕು.

ಮನುಷ್ಯರನ್ನು ನುಂಗುತ್ತದಾ?

2017ರಲ್ಲಿ ಇಂಡೋನೇಷ್ಯಾದ ಸುಲವೇಸಿಯಲ್ಲಿ ಹೆಬ್ಬಾವೊಂದು ಒಬ್ಬ ವ್ಯಕ್ತಿಯನ್ನು ನುಂಗಿದ ಸುದ್ದಿ ನಿಜವೇ. ಆದರೆ ಅದು ಜಾಲರಿ ಹೆಬ್ಬಾವು, ಜಗತ್ತಿನ ಅತಿ ಉದ್ದದ ಹಾವು. ಭಾರತದಲ್ಲಿ ಅದು ಇರುವುದು ನಿಕೋಬಾರ್ ದ್ವೀಪಗಳಲ್ಲಿ. ನಮ್ಮ ಊರಿನ ಹೆಬ್ಬಾವು ಅಷ್ಟು ಬೆಳೆಯುವುದಿಲ್ಲ, ದೊಡ್ಡವರ ಭುಜ ಅದರ ಬಾಯಿಗೆ ಹಿಡಿಸುವಂಥದ್ದಲ್ಲ. ಹಾಗೆಂದು ಹತ್ತಿರ ಹೋಗಬಾರದು. ಹೆದರಿದರೆ ಕಚ್ಚುತ್ತದೆ, ಹಲ್ಲಿನ ಗಾಯ ಆಳವಾಗಿರುತ್ತದೆ. ಕುತ್ತಿಗೆಗೆ ಹಾಕಿಕೊಂಡು ಸೆಲ್ಫಿ ತೆಗೆಯುವುದಂತೂ ಬೇಡವೇ ಬೇಡ. ಬಿಗಿಹಿಡಿತ ಕುತ್ತಿಗೆಯ ರಕ್ತನಾಳದ ಮೇಲೆ ಬಿದ್ದರೆ ಏನಾಗುತ್ತದೆ ಎಂದು ಮೇಲೆ ಓದಿದಿರಲ್ಲ.

ಸಾಕಿದ ಹೆಬ್ಬಾವು ಒಡತಿಯ ಪಕ್ಕ ನೆಟ್ಟಗೆ ಮಲಗಿ "ಅಳತೆ" ತೆಗೆಯುತ್ತಿತ್ತು ಎಂಬ ಕಥೆಯನ್ನೂ ಫಾರ್ವರ್ಡ್ ಮಾಡಬೇಡಿ. ಹೆಬ್ಬಾವು ಅಳತೆ ತೆಗೆದು ಬೇಟೆಯಾಡುವುದಿಲ್ಲ.

ಮರಿ ಹೆಬ್ಬಾವೋ, ಕೊಳಕುಮಂಡಲವೋ?

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಹೆಬ್ಬಾವಿನ ಮರಿ ಮತ್ತು ಕೊಳಕುಮಂಡಲ (ಮಲಯಾಳದಲ್ಲಿ ಅಣಲಿ) ದೂರದಿಂದ ಒಂದೇ ಥರ ಕಾಣುತ್ತವೆ. ಎರಡೂ ಕಂದು, ಎರಡಕ್ಕೂ ಮಚ್ಚೆ, ಎರಡೂ ದಪ್ಪ. ಕೊಳಕುಮಂಡಲದ ವಿಷ ರಕ್ತವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ.

ವ್ಯತ್ಯಾಸ ಇದೆ. ಕೊಳಕುಮಂಡಲದ ಬೆನ್ನ ಮೇಲೆ ಕಪ್ಪು ಅಂಚಿನ ಮೊಟ್ಟೆಯಾಕಾರದ ಮಚ್ಚೆಗಳು ಸರಪಳಿಯಂತೆ ಸಾಲಾಗಿರುತ್ತವೆ, ಪೊರೆ ಒರಟು, ಹೆದರಿದರೆ ಕುಕ್ಕರ್ ಸೀಟಿಯಂತೆ ಜೋರಾಗಿ ಬುಸುಗುಡುತ್ತದೆ. ಹೆಬ್ಬಾವಿನ ಮಚ್ಚೆಗಳು ಭೂಪಟದ ತುಂಡುಗಳ ಹಾಗೆ ಅಡ್ಡಾದಿಡ್ಡಿ, ಪೊರೆ ನಯ ಮತ್ತು ಹೊಳಪು. ಆದರೆ ಸುಬ್‌ಹ್ ನಮಾಝ್‌ಗೆ ಹೋಗುವಾಗ ಮಸುಕು ಬೆಳಕಿನಲ್ಲಿ ಇದನ್ನೆಲ್ಲ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಗೊತ್ತಾಗದ ಯಾವ ಹಾವನ್ನೂ ವಿಷದ ಹಾವೆಂದೇ ತಿಳಿದು ದೂರ ನಿಲ್ಲಿ. ಕಚ್ಚಿದರೆ ನಾಟಿಮದ್ದು, ಕಟ್ಟು ಹಾಕುವುದು, ಕುಯ್ಯುವುದು ಯಾವುದೂ ಬೇಡ. ಕಚ್ಚಿದ ಕೈಕಾಲನ್ನು ಅಲುಗಿಸದೆ ಆಂಟಿವೆನಮ್ ಇರುವ ಆಸ್ಪತ್ರೆಗೆ ನೇರ ಹೋಗಬೇಕು.

ಕಾಸರಗೋಡಿನಲ್ಲಿ 54 ದಿನ

ನಮ್ಮ ಜಿಲ್ಲೆಯದ್ದೇ ಒಂದು ಒಳ್ಳೆಯ ಉದಾಹರಣೆ ಇದೆ. 2022ರಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣ ನಡೆಯುತ್ತಿದ್ದಾಗ ಕಾಸರಗೋಡಿನ ಸಿಪಿಸಿಆರ್‌ಐ ಬಳಿ ಮೋರಿ ಕಟ್ಟುವ ಜಾಗದಲ್ಲಿ ಮುಳ್ಳುಹಂದಿಯ ಬಿಲದೊಳಗೆ ಹೆಬ್ಬಾವೊಂದು ಮೊಟ್ಟೆಗಳಿಗೆ ಸುತ್ತಿಕೊಂಡು ಕೂತಿತ್ತು. ಗುತ್ತಿಗೆ ವಹಿಸಿಕೊಂಡಿದ್ದ ಊರಾಳುಂಗಲ್ ಸಹಕಾರಿ ಸಂಘ ಆ ಜಾಗದ ಕೆಲಸವನ್ನು 54 ದಿನ ನಿಲ್ಲಿಸಿತು. ಅರಣ್ಯ ಇಲಾಖೆ ಮತ್ತು ಸ್ಥಳೀಯ ಹಾವು ರಕ್ಷಕರು ಕಾದು ನೋಡಿಕೊಂಡರು. ಇದ್ದದ್ದು 24 ಮೊಟ್ಟೆಗಳು. ಒಡೆದು ಬಂದ ಮರಿಗಳನ್ನು ಕಾಡಿಗೆ ಬಿಡಲಾಯಿತು.

ತಾಯಿ ಹೆಬ್ಬಾವು ಕಾವು ಕೊಡುವ ಈ ಸುಮಾರು ಎರಡು ತಿಂಗಳು ಬೇಟೆಯಾಡುವುದೇ ಇಲ್ಲ. ತಂಪಾದಾಗ ಸ್ನಾಯುಗಳನ್ನು ನಡುಗಿಸಿ ಶಾಖ ಹುಟ್ಟಿಸಿ ಮೊಟ್ಟೆಗಳನ್ನು ಬೆಚ್ಚಗಿಡುತ್ತದೆ. ಹಾವುಗಳಲ್ಲಿ ಇದು ಅಪರೂಪ. ಮಳೆಗಾಲದ ಹೊತ್ತಿಗೆ ಮರಿಗಳು ಹೊರಬರುತ್ತವೆ, ತೋಡು ಉಕ್ಕಿ ಬಿಲಗಳಿಗೆ ನೀರು ನುಗ್ಗುತ್ತದೆ. ಗುಡ್ಡೆ ತಟ್ಟಾಗಿ, ಪೊದೆ ಹೋಗಿ ಮನೆಗಳು ಎದ್ದಿರುವಲ್ಲಿ ಹಾವಿಗೆ ಹೋಗಲು ಬೇರೆ ಜಾಗವೂ ಇಲ್ಲ.

ನಾವು ಮಾಡಬೇಕಾದ್ದು

- ಕೋಳಿ ಗೂಡನ್ನು ನೆಲದಿಂದ ಎತ್ತರಿಸಿ. ಸುತ್ತ ಗಟ್ಟಿ ಕಬ್ಬಿಣದ ಜಾಲರಿ ಹಾಕಿ, ಅದರ ಕಣ್ಣು ಅರ್ಧ ಇಂಚಿಗಿಂತ ದೊಡ್ಡದಿರಬಾರದು. ಮಗ್ರಿಬ್‌ಗೆ ಮುಂಚೆ ಬಾಗಿಲು ಭದ್ರಪಡಿಸಿ.
- ಹಳೆಯ ಮೀನಿನ ಬಲೆ ಸುತ್ತಬೇಡಿ. ಹಾವು ಅದರಲ್ಲಿ ಸಿಕ್ಕಿ ಮೈ ಕುಯ್ದುಕೊಳ್ಳುತ್ತದೆ, ಬಿಡಿಸಲು ಹೋದವರಿಗೂ ಅಪಾಯ.
- ಚೆಲ್ಲಿದ ಅಕ್ಕಿ, ಮೀನಿನ ತ್ಯಾಜ್ಯ, ತೆಂಗಿನ ಸೋಗೆಯ ರಾಶಿ ಮನೆ ಹತ್ತಿರ ಬೇಡ. ಅದಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ.
- ಹಾವು ಕಂಡರೆ ಮಕ್ಕಳನ್ನೂ ನಾಯಿಯನ್ನೂ ದೂರ ಮಾಡಿ, ಜನ ಸೇರಿಸಬೇಡಿ, ಒಬ್ಬರು ದೂರದಿಂದ ಕಣ್ಣಿಟ್ಟಿರಿ.
- ಕೇರಳದಲ್ಲಿರುವವರು ಅರಣ್ಯ ಇಲಾಖೆ 2020ರಲ್ಲಿ ತಂದ 'ಸರ್ಪ' ಆ್ಯಪ್ ಬಳಸಿ. ಹತ್ತಿರದ ತರಬೇತಿ ಪಡೆದ ರಕ್ಷಕರ ನಂಬರ್ ಅದರಲ್ಲೇ ಸಿಗುತ್ತದೆ. ಕರ್ನಾಟಕದವರು ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.
- ಆಡು, ಕೋಳಿ ಹೋಗಿದ್ದರೆ ಫೋಟೊ ತೆಗೆದಿಟ್ಟು ಹತ್ತಿರದ ಅರಣ್ಯ ಕಚೇರಿಯಲ್ಲಿ ಪರಿಹಾರದ ಬಗ್ಗೆ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಕಾನೂನು ಬಹಳ ಗಟ್ಟಿ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿ, ಆನೆಯ ಜೊತೆಗೆ ಹೆಬ್ಬಾವೂ ಇದೆ. ಕೊಂದರೆ, ಹಿಡಿದಿಟ್ಟುಕೊಂಡರೆ, ಗಂಟುನೋವಿಗೆ ಮದ್ದೆಂದು ಅದರ ಕೊಬ್ಬಿನ ಎಣ್ಣೆ ಮಾರಿದರೆ 3ರಿಂದ 7 ವರ್ಷದವರೆಗೆ ಜೈಲು, ಜೊತೆಗೆ ದಂಡ. ನಾವು ಹೆಮ್ಮೆಯಿಂದ ಸ್ಟೇಟಸ್ ಹಾಕಿದ ವೀಡಿಯೊ ನಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ. ಗಲ್ಫ್‌ಗೆ ಹೋಗಲು ವೀಸಾ ಕಾಯುತ್ತಿರುವ ಹುಡುಗರು ಇದನ್ನು ಸ್ವಲ್ಪ ಜಾಸ್ತಿಯೇ ನೆನಪಿಡಬೇಕು. ಒಂದು ಕೇಸು ಇದ್ದರೆ ಪೊಲೀಸ್ ಕ್ಲಿಯರೆನ್ಸ್‌ಗೆ ತೊಂದರೆ.

ಇನ್ನೊಂದು ಲೆಕ್ಕವೂ ಉಂಟು. ಹೆಬ್ಬಾವು ನಮ್ಮ ಕಣ್ಣಿಗೆ ಬೀಳುವುದು ಕೋಳಿ ಹಿಡಿದ ದಿನ ಮಾತ್ರ. ಉಳಿದ ದಿನ ಅದು ತೋಟದಲ್ಲಿ ಇಲಿ, ಹೆಗ್ಗಣ, ಮುಳ್ಳುಹಂದಿ ಹಿಡಿಯುವುದನ್ನು ನಾವು ನೋಡುವುದಿಲ್ಲ. ಮಳೆಗಾಲದಲ್ಲಿ ಇಲಿಜ್ವರ ಹರಡುವುದು ಇಲಿಯ ಮೂತ್ರದಿಂದ, ಅಡಿಕೆ ತೆಂಗಿನ ಎಳೆ ಗಿಡ ಹಾಳಾಗುವುದು ಮುಳ್ಳುಹಂದಿಯಿಂದ. ಮುಂದಿನ ಸಲ ಗ್ರೂಪ್‌ನಲ್ಲಿ ಹೆಬ್ಬಾವಿನ ಫೋಟೊ ಬಂದರೆ "ಹೊಡೆಯಿರಿ" ಎನ್ನುವ ಮೊದಲು ರಕ್ಷಕರ ನಂಬರ್ ಹಾಕಿ. ಅವರು ಬರುವ ತನಕ ಹತ್ತಿರ ಯಾರೂ ಹೋಗದಂತೆ ನೋಡಿಕೊಂಡರೆ ನಿಮ್ಮ ಕೆಲಸ ಮುಗಿಯಿತು.